ಕೆಂಪು ಪೀಪಾಯಿಯ ಆಚೆ

ಸೊಸೆ ಕೊರಳಿಗೆ ಸೀಟಿ ಹಾಕಿಕೊಂಡದ್ದನ್ನು ನೋಡಿ ಮಾವನ ಮುಖ ಗಂಟಿಕ್ಕಿತು.

"ಅದ್ಯಾಕೆ? ನಾನೇನು ಬಸ್ಸಾ, ಸೀಟಿ ಊದಿ ನಿಲ್ಲಿಸೋಕೆ?"

"ಇದನ್ನ ಊದಿದರೆ ಪರೀಕ್ಷೆ ಮುಗೀತು ಅಂತ ಅರ್ಥ ಮಾವ. ಕೈಲಿರೋದನ್ನ ಬಿಟ್ಟು, ನಾನು ಹೇಳಿದ ಹಾಗೆ ದಡಕ್ಕೆ ಬರಬೇಕು."

"ಊದದೆ ಇದ್ದರೆ?"

"ನಾಳೆಯಿಂದ ನೀವುಂಟು, ನಿಮ್ಮ ಕಯಾಕ್ ಉಂಟು. ನಾನು ಅಡ್ಡ ಬರೋದಿಲ್ಲ."

ನದಿಯು ಸಮುದ್ರವನ್ನು ಸೇರುವ ಅಳಿವೆಯ ದಂಡೆಯಲ್ಲಿ ತಗಡಿನ ಮಾಡಿನದೊಂದು ಶೆಡ್ಡು. ಒಳಗೆ ಗೋಡೆಗೆ ಒರಗಿಸಿಟ್ಟ ಕಯಾಕುಗಳು, ಅಂದರೆ ಒಬ್ಬರಷ್ಟೇ ಕೂರುವ ಉದ್ದನೆಯ ಪ್ಲಾಸ್ಟಿಕ್ ದೋಣಿಗಳು, ಒಣಗಲು ನೇತುಹಾಕಿದ ಲೈಫ್ ಜಾಕೆಟ್ಟುಗಳು, ಬಾಗಿಲ ಬಳಿ ಗಾಳದ ಕೋಲುಗಳ ಸಾಲು. ಕಯಾಕಿನಲ್ಲಿ ಕುಳಿತು ಮೀನು ಹಿಡಿಯುವುದನ್ನು ಅಲ್ಲಿ ಕಲಿಸುವವಳು ಸೊಸೆಯೇ. ಒಬ್ಬಂಟಿಯಾಗಿ ನೀರಿಗೆ ಇಳಿಯಬೇಕೆನ್ನುವವರಿಗೆ ಆ ಶೆಡ್ಡು ಒಂದು ನಿಯಮ ಇಟ್ಟಿತ್ತು. ಕಲಿಸುವವರ ಕಣ್ಣೆದುರಿನಲ್ಲಿ ಮೊಳಕ್ಕಿಂತ ದೊಡ್ಡದೊಂದು ಮೀನನ್ನು ಗಾಳಕ್ಕೆ ಸಿಕ್ಕಿಸಿ, ದಣಿಸಿ, ಪಕ್ಕಕ್ಕೆ ತಂದು, ಕೊಕ್ಕೆ ಬಿಡಿಸಿ, ಜೀವಂತ ನೀರಿಗೆ ಬಿಟ್ಟು, ತಮ್ಮದೇ ತೋಳಿನ ಬಲದಿಂದ ದಡಕ್ಕೆ ಮರಳಬೇಕು. ಕಲಿಸುವವರು ಕೈ ಹಾಕುವಂತಿಲ್ಲ, ಹೇಗೆ ಮಾಡಬೇಕೆಂದು ಬಾಯಿ ಬಿಡುವಂತೆಯೂ ಇಲ್ಲ. ಒಂದು ಹಂಗಾಮಿಗೆ ಮೂರು ಅವಕಾಶ. ಮಾವ ಎರಡನ್ನು ಕಳೆದುಕೊಂಡಿದ್ದರು.

ಮಾವ ಬಂದರಿನಲ್ಲಿ ಕ್ರೇನ್ ಚಾಲಕರಾಗಿದ್ದವರು. ಬದುಕಿನ ಮುಕ್ಕಾಲು ಪಾಲನ್ನು ನೆಲದಿಂದ ಬಹಳ ಎತ್ತರದ ಒಂದು ಗಾಜಿನ ಗೂಡಿನಲ್ಲಿ ಒಬ್ಬರೇ ಕಳೆದಿದ್ದರು. ನಿವೃತ್ತಿಯ ಮರುದಿನವೇ ಅವರು ಎರಡು ಕೋಣೆಗಳ ಮನೆಯ ನಡುವೆ ಬಂದು ಬಿದ್ದರು. ಅಲ್ಲಿ ಟಿವಿ ಯಾವಾಗಲೂ ಮಾತಾಡುತ್ತಿತ್ತು, ಮೊಮ್ಮಗಳು ಬಚ್ಚಲಿನೊಳಗಿಂದಲೂ ಹಾಡುತ್ತಿದ್ದಳು, ಅತ್ತೆ ಅಡುಗೆಮನೆಯಿಂದಲೇ ಮೂರು ಜನರೊಂದಿಗೆ ಮೂರು ಬೇರೆ ಬೇರೆ ಸಂಭಾಷಣೆ ನಡೆಸುತ್ತಿದ್ದರು. ಮಾವ ಕುರ್ಚಿ ಎತ್ತಿಕೊಂಡು ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ ಕೂರತೊಡಗಿದರು. ಪಕ್ಕದ ಮನೆಯವರು ಟ್ಯಾಂಕು ಸೋರುತ್ತಿದೆಯೇ ಎಂದು ವಿಚಾರಿಸಿಕೊಂಡು ಬಂದರು. ದಿನ ಕಳೆದಂತೆ ಮಾವ ಊಟದ ತಟ್ಟೆಯ ಮುಂದೆಯೂ ಮಾತಿಲ್ಲದವರಾದರು, ತೆಳ್ಳಗಾದರು. ಅದನ್ನು ಗಮನಿಸಿ ಅವರನ್ನು ನೀರಿಗೆ ಕರೆತಂದವಳು ಸೊಸೆ. ಮೊದಲ ದಿನ ಕಯಾಕಿನಲ್ಲಿ ಕುಳಿತು, ಸುತ್ತ ಯಾರೂ ಇಲ್ಲದ ನೀರನ್ನು ಕಂಡು, ಮಾವ ಬಿಟ್ಟ ಉಸಿರನ್ನು ಅವಳು ಮರೆತಿರಲಿಲ್ಲ.

"ಇಷ್ಟು ದಿನ ಆಕಾಶದಲ್ಲಿದ್ದರು, ಈಗ ನೀರಿಗೆ ಹೊರಟರು," ಎಂದಿದ್ದರು ಅತ್ತೆ. "ಮಧ್ಯೆ ನೆಲ ಅಂತ ಒಂದಿದೆ, ಅಲ್ಲಿ ನಾವಿದ್ದೇವೆ ಅಂತ ಯಾರಾದರೂ ಹೇಳ್ರಪ್ಪ ಅವರಿಗೆ." ಅಷ್ಟು ಹೇಳಿ, ಸೊಸೆಯನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದ್ದರು: "ನೋಡು, ನಿನಗೆ ಪೂರ್ತಿ ಧೈರ್ಯ ಬರೋವರೆಗೂ ಒಬ್ಬರನ್ನೇ ಬಿಡಬೇಡ. ಮಾವ ಅಂತ ದಾಕ್ಷಿಣ್ಯ ಮಾಡಬೇಡ."

ದಾಕ್ಷಿಣ್ಯವನ್ನು ಅವಳು ಮಾಡಿರಲಿಲ್ಲ. ಮೊದಲ ಪರೀಕ್ಷೆಯಲ್ಲಿ ಮಾವ ಮೀನನ್ನು ಪಕ್ಕಕ್ಕೆ ತಂದು, ಕೋಲನ್ನು ನೆಟ್ಟಗೆ ಮೇಲಕ್ಕೆತ್ತಿದರು. ಕೆಳಗೆ ತೂಗುವುದನ್ನು ಮೇಲಕ್ಕೆತ್ತುವುದೇ ಕ್ರೇನಿನವರ ಧರ್ಮ. ಆದರೆ ಕಯಾಕಿಗೆ ನೆಲದಲ್ಲಿ ಹೂತ ಬುಡವಿಲ್ಲ, ಮೀನು ಮೇಲೆ ಬರುವ ಬದಲು ಮಾವನೇ ಕೆಳಗೆ ಹೋದರು. ಎರಡನೆಯ ಸಲ ಮೀನು ಓಡಿದಾಗ ದಾರ ಸುತ್ತುವ ರೀಲಿನ ಬ್ರೇಕನ್ನು ಬಿಗಿದರು. ಬ್ರೇಕು ಜಾರಿತೆಂದರೆ ಬಂದರಿನಲ್ಲಿ ಹೆಣ ಬೀಳುತ್ತದೆ. ಮಾವನ ಕೈಗೆ ಗೊತ್ತಿದ್ದದ್ದು ಅಷ್ಟೇ. ಇಲ್ಲಿ ಬ್ರೇಕು ಜಾರಬೇಕು, ದಾರ ಹೋಗಬೇಕು, ಮೀನು ಕಯಾಕನ್ನೇ ಎಳೆದುಕೊಂಡು ಓಡಿ ಸುಸ್ತಾಗಬೇಕು. ದಾರ ಪಟ್ಟೆಂದು ತುಂಡಾಗಿತ್ತು.

"ಕೋಲಿನ ತುದಿ ಯಾವಾಗಲೂ ಕಯಾಕಿನ ಮೂತಿಯ ಕಡೆ," ಎಂದು ಅವಳು ಎಷ್ಟು ಸಲ ಹೇಳಿದ್ದಳೋ. "ಬ್ರೇಕನ್ನ ದಂಡೆಯಲ್ಲೇ ಹದ ಮಾಡಿಕೊಳ್ಳಿ, ನೀರಿನ ಮೇಲೆ ಮುಟ್ಟಬೇಡಿ. ನಿಮ್ಮ ಮೂಗು ಕಯಾಕಿನ ಅಂಚು ದಾಟಬಾರದು. ಎತ್ತಬೇಡಿ ಮಾವ, ದಯವಿಟ್ಟು ಏನನ್ನೂ ಎತ್ತಬೇಡಿ."

ಬೆಳಗಿನ ನೀರು ತುಂಬಿ ನಿಂತಿತ್ತು. ಉಬ್ಬರ ಮುಗಿದು ಇಳಿತ ಇನ್ನೂ ಶುರುವಾಗದ ಹೊತ್ತು. ಇಬ್ಬರೂ ತಂತಮ್ಮ ಕಯಾಕಿನಲ್ಲಿ ಲಂಗರು ಹಾಕಿದ ದೋಣಿಗಳ ನಡುವೆ ಸಾಗಿದರು. ಮುಂದೆ ಸೇತುವೆ. ಸೇತುವೆಯಾಚೆ ಎಡಕ್ಕೆ ನೀರಿನೊಳಕ್ಕೆ ಚಾಚಿದ ಕಲ್ಲಿನ ಒಡ್ಡು. ಇನ್ನೂ ಮುಂದೆ, ಸರಪಳಿಯಲ್ಲಿ ಬಿಗಿದ ಒಂದು ಕೆಂಪು ಪೀಪಾಯಿ ತೇಲುತ್ತಿತ್ತು. ಅದರಾಚೆ ಅಳಿವೆಯ ಬಾಯಿ. ಇಳಿತದ ನೀರು ಸಮುದ್ರದ ಅಲೆಗೆ ಎದುರು ಬಿದ್ದು ಬೆಳ್ಳಗೆ ಒಡೆಯುವ ಜಾಗ.

"ಪೀಪಾಯಿ ದಾಟಿದರೆ ಊದುತ್ತೇನೆ," ಎಂದಳು ಸೊಸೆ. "ಅಲ್ಲಿ ಮಾತೇ ಇಲ್ಲ."

"ಆಯ್ತು ಮೇಡಂ," ಎಂದರು ಮಾವ. ಸಿಟ್ಟು ಬಂದಾಗ ಅವಳು ಮೇಡಂ ಆಗುತ್ತಿದ್ದಳು.

ಸಣ್ಣ ಮೀನುಗಳು ಒಂದೆರಡು ಬಂದು ಹೋದವು. ಬಿಸಿಲು ಏರಿತು. ದೋಣಿಗಳ ಮೂತಿಗಳು ಒಂದೊಂದಾಗಿ ಹೊಳೆಯ ಮೇಲ್ಗಡೆಗೆ ತಿರುಗಿದವು. ಇಳಿತ ಆರಂಭವಾಗಿತ್ತು. ಮರಳೋಣವೇ ಎಂದು ಕೇಳಲು ಸೊಸೆ ಬಾಯಿ ತೆರೆದಳು.

ಮಾವನ ಕೋಲು ಬಾಗಿತು. ಅದು ಕಚ್ಚಿದಂತೆ ಕಾಣಲಿಲ್ಲ, ನದಿಯ ತಳವೇ ಎದ್ದು ನಡೆಯತೊಡಗಿದಂತೆ ಕಂಡಿತು. ರೀಲು ಮೊದಲು ಗೊಣಗಿತು, ಬಳಿಕ ಕಿರುಚಿತು, ಬಳಿಕ ಎಡೆಬಿಡದ ಒಂದೇ ಕೂಗಾಯಿತು. ಮಾವನ ಬಲಗೈ ಬ್ರೇಕಿನ ಗುಂಡಿಯ ಮೇಲೆ ಹೋಗಿ ಕುಳಿತಿತು.

ಸೊಸೆ ಸೀಟಿಯನ್ನು ತುಟಿಗಿಟ್ಟಳು.

ಗುಂಡಿಯ ಮೇಲೆ ಬೆರಳುಗಳು ಬಿಗಿದವು, ತಿರುಗಿಸಲಿಲ್ಲ. ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಮಾವ ಕೈಯನ್ನು ಹಿಂದಕ್ಕೆಳೆದುಕೊಂಡರು. ಕೋಲಿನ ತುದಿಯನ್ನು ನಿಧಾನವಾಗಿ ಮೂತಿಯ ಕಡೆಗೆ ತಂದರು. ಕಯಾಕು ಒಮ್ಮೆ ತಲೆಯಾಡಿಸಿ, ತಿರುಗಿ, ಯಾರೂ ಹುಟ್ಟು ಹಾಕದೆಯೇ ಹೊರಟಿತು.

ಕಲಿಸುವ ಕೆಲಸದಲ್ಲಿ ಸೊಸೆ ಮೀನು ಕಯಾಕನ್ನು ಎಳೆಯುವುದನ್ನು ಬೇಕಾದಷ್ಟು ಸಲ ನೋಡಿದ್ದಳು. ಹೀಗೆ ನೋಡಿರಲಿಲ್ಲ. ಮಾವನ ಕಯಾಕಿನ ಮೂತಿಯಲ್ಲಿ ನೀರು ಎರಡಾಗಿ ಸೀಳುತ್ತಿತ್ತು. ಅವಳು ಎರಡಲಗಿನ ಹುಟ್ಟನ್ನು ಬಲ ಹಾಕಿ ಹಾಕಿ ಎಳೆದರೂ ಹಿಂದೆಯೇ ಉಳಿಯುತ್ತಿದ್ದಳು. ಕಾಣದ ಒಂದು ಜೀವ, ಕೂದಲೆಳೆಯಷ್ಟು ದಾರದ ತುದಿಯಲ್ಲಿ, ಒಬ್ಬ ಮನುಷ್ಯನನ್ನು ಮಗುವಿನ ಆಟದ ಗಾಡಿಯಂತೆ ಕರೆದೊಯ್ಯುತ್ತಿತ್ತು.

"ಏನಮ್ಮಾ ಇದು?" ಮಾವ ಹಿಂತಿರುಗದೆ ಕೇಳಿದರು. ಆ ದನಿಯಲ್ಲಿ ಭಯಕ್ಕಿಂತ ಭಕ್ತಿ ಹೆಚ್ಚಿತ್ತು.

"ಗೊತ್ತಿಲ್ಲ ಮಾವ," ಎಂದಳು. ಅದು ನಿಯಮಕ್ಕೆ ಹೊರತಾದ ಮಾತಾಗಿರಲಿಲ್ಲ, ನಿಜವಾಗಿಯೂ ಅವಳಿಗೆ ಗೊತ್ತಿರಲಿಲ್ಲ.

ಸೇತುವೆ ಹತ್ತಿರವಾಯಿತು. ಕಂಬಗಳ ಬುಡಕ್ಕೆ ಚಿಪ್ಪುಗಳು ಅಂಟಿ ಗರಗಸದ ಹಲ್ಲಿನಂತಾಗಿದ್ದವು; ದಾರ ಒಮ್ಮೆ ಸವರಿದರೆ ಸಾಕು, ಕತೆ ಮುಗಿಯಿತು. ಮೀನು ಎರಡು ಕಂಬಗಳ ನಡುವೆ ನುಗ್ಗಿತು. ಕಯಾಕು ಬಲಗಡೆಯ ಕಂಬದತ್ತ ಸಾಗುತ್ತಿತ್ತು. ಮಾವ ಎಡಗಾಲನ್ನು ಎತ್ತಿ ನೀರಿಗಿಳಿಸಿದರು. ಕಾಲಿಗೆ ತಡೆದ ನೀರು ಕಯಾಕನ್ನು ಎಡಕ್ಕೆ ತಿರುಗಿಸಿತು, ಮೂತಿ ಮೀನು ಹೋದ ಸಂದಿಗೇ ನೇರವಾಯಿತು. ಕಂಬ ಅವರ ಭುಜದ ಪಕ್ಕದಲ್ಲಿ ಹಾದುಹೋಯಿತು. ಮೇಲೆ ಲಾರಿಯೊಂದು ಗುಡುಗಿಕೊಂಡು ದಾಟಿತು. ಕೆಳಗೆ ಇಂಥದ್ದೊಂದು ನಡೆಯುತ್ತಿದೆಯೆಂಬುದು ಅದರ ಚಾಲಕನಿಗೆ ತಿಳಿಯುವಂತಿರಲಿಲ್ಲ.

ಸೇತುವೆ ದಾಟಿದ ಮೇಲೆ ಇಳಿತದ ಸೆಳೆತವೂ ಮೀನಿನ ಸೆಳೆತವೂ ಒಂದಾದವು. ಕೆಂಪು ಪೀಪಾಯಿ ದೂರದಲ್ಲಿ ಚುಕ್ಕೆಯಾಗಿದ್ದದ್ದು ಬಿಂದಿಗೆಯಾಯಿತು. ಅದರಾಚೆ ಒಡೆಯುವ ಅಲೆಗಳ ಸದ್ದು ಕೇಳತೊಡಗಿತು.

ಆಗ ಮೀನು ನಿಂತಿತು. ದಾರ ಸಡಿಲವಾಯಿತು. ಮುಂದೆ ಏನೆಂಬುದು ಸೊಸೆಗೆ ತಿಳಿದಿತ್ತು. ಅದು ಹಿಂದಿರುಗಿ, ಕಯಾಕಿನ ಅಡಿಗೇ ಮುಳುಗಿತು. ಕೋಲು ಬಲಗಡೆ ನೀರಿನತ್ತ ಬಗ್ಗಿತು, ಮಾವನ ಮೈಯೂ ಅದರೊಂದಿಗೆ ಬಗ್ಗಿತು, ಕಯಾಕಿನ ಅಂಚಿನ ಮೇಲಿಂದ ನೀರು ಒಳಗೆ ಇಣುಕಿತು. ಮೊದಲ ಪರೀಕ್ಷೆಯಲ್ಲಿ ಮಾವ ಉರುಳಿದ್ದು ಇಂಥ ಕ್ಷಣದಲ್ಲೇ. ಅವರ ತೋಳುಗಳು ಉಬ್ಬಿದವು. ಎತ್ತಬೇಡಿ, ಎತ್ತಬೇಡಿ ಎಂದು ಸೊಸೆ ಸೀಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದು ಮನಸ್ಸಿನೊಳಗೇ ಗೋಗರೆದಳು.

ಮಾವ ಕೋಲನ್ನು ಮೇಲಕ್ಕೆತ್ತಲಿಲ್ಲ. ತುದಿಯನ್ನು ನೀರಿನೊಳಕ್ಕೆ ಚುಚ್ಚಿದರು, ಮುಂದಕ್ಕೆ ಬಾಗಿ ಕಯಾಕಿನ ಮೂತಿಯ ಸುತ್ತ ಅದನ್ನು ಬಳಸಿ ಎಡಬದಿಗೆ ತಂದರು, ಅಲ್ಲಿ ಮೇಲಕ್ಕೆ ತೆಗೆದರು. ದಾರ ಕಯಾಕಿನ ತಳದಿಂದ ಬಿಡಿಸಿಕೊಂಡು ಈಚೆ ಬಂತು. ವಾಲಿದ್ದ ಕಯಾಕು ನೆಟ್ಟಗಾಯಿತು.

ಸೊಸೆ ಸೀಟಿಯನ್ನು ಬಾಯಿಂದ ತೆಗೆದು ಉಸಿರಾಡಿದಳು.

ಅಲ್ಲಿಂದ ಮುಂದೆ ಮಾವನದು ಒಂದೇ ಲಯ. ಕೋಲನ್ನು ಪಕ್ಕಕ್ಕೆ, ನೀರಿಗೆ ಸಮನಾಗಿ ಎಳೆಯುವುದು. ಮುಂದಕ್ಕೆ ಬಿಡುತ್ತಾ ರೀಲು ಸುತ್ತುವುದು. ಮೀನು ಕೇಳಿದರೆ ಕೊಟ್ಟುಬಿಡುವುದು. ಮತ್ತೆ ಎಳೆಯುವುದು. ಅದು ಜಗಳದಂತೆ ಕಾಣುತ್ತಿರಲಿಲ್ಲ. ಇಬ್ಬರು ಹಿರಿಯರು ಒಂದು ಭಾರವಾದ ಕಪಾಟನ್ನು ಬಾಗಿಲಿನಿಂದ ಹೊರತರುವಾಗ ನಡೆಸುವ ಮಾತುಕತೆಯಂತಿತ್ತು.

ಕಡೆಗೆ ನೀರಿನ ಬಣ್ಣ ಬದಲಾಯಿತು. ಹಸಿರಿನೊಳಗೆ ಕಂಚಿನ ಛಾಯೆಯೊಂದು ಹರಡಿತು, ಹರಡುತ್ತಲೇ ಹೋಯಿತು. ಅದಕ್ಕೊಂದು ಕೊನೆ ಇರಬೇಕೆಂದು ಸೊಸೆ ಕಾದಳು. ಮೀನು ಮೇಲೆ ಬಂದು ಕಯಾಕಿನ ಪಕ್ಕಕ್ಕೆ ಒರಗಿದಾಗ ಅದರ ತಲೆ ಮಾವನ ಮೊಣಕಾಲಿನ ಬಳಿ ಇತ್ತು, ಬಾಲ ಅವರ ಆಸನದ ಹಿಂದೆ ಎಲ್ಲೋ ಇತ್ತು. ಅಂಗೈ ಅಗಲದ ಹುರುಪೆಗಳು, ಒಂದೊಂದರ ಅಂಚಿಗೂ ತೆಳುವಾದ ಬೆಳಕಿನ ಗೆರೆ. ಕಿವಿರಿನ ಮುಚ್ಚಳ ತೆರೆದಾಗ ಒಳಗಿನ ಕೆಂಪು ಹೊಸ ಇಟ್ಟಿಗೆಯಂತೆ ಕಂಡಿತು. ಕಣ್ಣು ನಿಧಾನವಾಗಿ ಹೊರಳಿ ಮಾವನನ್ನು ನೋಡಿತು, ಆಮೇಲೆ ಇವಳನ್ನು ನೋಡಿತು.

"ಡೋಲು ಮೀನು," ಎಂದಳು ಸೊಸೆ. ತನಗೇ ಕೇಳದಷ್ಟು ಮೆಲ್ಲಗೆ ಹೇಳಿದ್ದಳು.

ದಂಡೆಯ ಹಳಬರು ಅದರ ಬಗ್ಗೆ ಹೇಳುತ್ತಿದ್ದರು. ಮೊಟ್ಟೆಯಿಡುವ ಕಾಲಕ್ಕೆ ಸಮುದ್ರದಿಂದ ಒಳಬರುತ್ತದೆ, ಹೊಟ್ಟೆಯೊಳಗಿನ ಗಾಳಿಚೀಲವನ್ನು ಡೋಲಿನಂತೆ ಬಡಿಯುತ್ತದೆ ಎನ್ನುತ್ತಿದ್ದರು. ಈಗೆಲ್ಲಿ ಬರುತ್ತವೆ ಎಂದು ಕೊನೆಗೆ ಸೇರಿಸುತ್ತಿದ್ದರು. ಸೊಸೆ ಅಂಗೈಯಷ್ಟು ಮರಿಗಳನ್ನು ಹಿಡಿದಿದ್ದಳು. ಇದರ ಮುಂದೆ ಅವು ಬೇರೆಯೇ ಜಾತಿ.

ಮಾವ ಕೋಲನ್ನು ಹಿಂದಿನ ಹಿಡಿಕೆಯಲ್ಲಿ ಸಿಕ್ಕಿಸಿದರು. ಬಲಗಾಲನ್ನು ಆಚೆ ಬದಿಯ ನೀರಿಗಿಳಿಸಿ ತೂಕ ಸರಿದೂಗಿಸಿಕೊಂಡರು. ಮೂಗು ಅಂಚು ದಾಟದಂತೆ ಕೈಯನ್ನಷ್ಟೇ ಚಾಚಿ ಕೆಳದವಡೆ ಹಿಡಿದು, ಇಕ್ಕಳದಿಂದ ಕೊಕ್ಕೆಯನ್ನು ಒಂದೇ ತಿರುವಿಗೆ ಬಿಡಿಸಿದರು. ಎಲ್ಲವೂ ಕಲಿಸಿದಂತೆ, ಕಲಿಸಿದ್ದಕ್ಕಿಂತ ಅಚ್ಚುಕಟ್ಟಾಗಿ ನಡೆಯಿತು. ಇನ್ನುಳಿದದ್ದು ಕೈ ಬಿಡುವುದು, ದಡಕ್ಕೆ ಹೋಗುವುದು. ಪೀಪಾಯಿ ಇನ್ನೂ ಮುಂದಿತ್ತು. ಮಾವ ಗೆದ್ದಿದ್ದರು.

ಅವರು ಕೈ ಬಿಟ್ಟರು. ಮೀನು ಈಜಲಿಲ್ಲ. ನಿಧಾನವಾಗಿ ಪಕ್ಕಕ್ಕೆ ಹೊರಳಿ, ಬೆಳ್ಳನೆಯ ಹೊಟ್ಟೆಯನ್ನು ಬಿಸಿಲಿಗೆ ತೋರಿಸಿತು.

ಮಾವ ಚಾಚಿ ದವಡೆಯನ್ನು ಮತ್ತೆ ಹಿಡಿದರು, ಇನ್ನೊಂದು ಕೈಯನ್ನು ಹೊಟ್ಟೆಯ ಅಡಿಗೆ ಕೊಟ್ಟು ನೆಟ್ಟಗೆ ಮಾಡಿದರು. ಇದೂ ಪಾಠದಲ್ಲಿತ್ತು. ದಣಿದ ಮೀನಿನ ಬಾಯಿಯಿಂದ ಕಿವಿರಿಗೆ ನೀರು ಹಾಯಬೇಕು. ಅದು ಚೇತರಿಸಿಕೊಳ್ಳುವವರೆಗೆ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದಿರಬೇಕು. ಆದರೆ ಮೀನು, ಮಾವ, ಕಯಾಕು ಎಲ್ಲವೂ ಇಳಿತದೊಂದಿಗೇ ತೇಲುತ್ತಿದ್ದರಿಂದ ಹರಿವು ಅವರನ್ನು ದಾಟಿ ಹೋಗುತ್ತಲೇ ಇರಲಿಲ್ಲ. ಹುಟ್ಟು ಹಾಕಬೇಕಿತ್ತು. ಎರಡೂ ಕೈಗಳು ಮೀನಿನ ಮೇಲಿದ್ದವು.

ಪೀಪಾಯಿಯ ಮೈಗೆ ಹತ್ತಿದ ತುಕ್ಕು ಕಾಣುವಷ್ಟು ಹತ್ತಿರವಾಯಿತು.

"ಮಾವ."

"ನೋಡ್ತಾ ಇದ್ದೀನಿ."

"ಈಗ ಬಿಟ್ಟು ಹುಟ್ಟು ತಗೊಂಡರೆ ಪಾಸು. ನಾನು ಇದನ್ನ ಹೇಳಬಾರದು, ಹೇಳ್ತಿದ್ದೀನಿ."

"ಬಿಟ್ಟರೆ ಇದು ಸಾಯುತ್ತೆ."

"ಹೌದು."

ಮಾವ ಪೀಪಾಯಿಯನ್ನು ನೋಡಿದರು. ಅದರಾಚೆಯ ಬಿಳಿ ನೀರನ್ನು ನೋಡಿದರು. ಕೊನೆಗೆ ತಮ್ಮ ಕೈಯೊಳಗೆ ತೆರೆದು ಮುಚ್ಚುತ್ತಿದ್ದ ಆ ದೊಡ್ಡ ಬಾಯಿಯನ್ನು ನೋಡಿದರು. ನೀರಿನ ಟ್ಯಾಂಕಿನ ಹಿಂದಿನ ಕುರ್ಚಿ ಅವರ ಕಣ್ಣಿಗೆ ಕಟ್ಟಿರಬೇಕು ಎಂದು ಸೊಸೆಗೆ ಅನ್ನಿಸಿತು. ಅವಳ ಕಣ್ಣಿಗಂತೂ ಕಟ್ಟಿತ್ತು.

"ಊದಮ್ಮ," ಎಂದರು ಮಾವ. "ಊದೋದು ನಿನ್ನ ಕೆಲಸ, ನೀನು ಮಾಡು. ನಾನು ಇದನ್ನ ಬಿಡೋದಿಲ್ಲ."

ಪೀಪಾಯಿ ಅವರ ಬಲಕ್ಕೆ ಬಂತು. ಹಿಂದೆ ಸರಿಯಿತು. ಸೊಸೆ ಊದಿದಳು.

ಸೀಟಿಯ ಸದ್ದು ನೀರಿನ ಮೇಲೆ ಓಡಿ ಹೋಗಿ ಅಲೆಗಳ ಗದ್ದಲದಲ್ಲಿ ಕರಗುವ ಮೊದಲೇ ಅವಳು ಹುಟ್ಟು ಬೀಸಿ ಮುಂದೆ ನುಗ್ಗಿದ್ದಳು. ಪರೀಕ್ಷೆ ಮುಗಿದಿತ್ತು, ಇನ್ನು ಕೈ ಹಾಕಲು ಅಡ್ಡಿಯಿರಲಿಲ್ಲ. ತನ್ನ ಕಯಾಕಿನ ಹಿಂಬದಿಯ ಹಗ್ಗವನ್ನು ಮಾವನ ಕಯಾಕಿನ ಮೂತಿಯ ಬಳೆಗೆ ಸಿಕ್ಕಿಸಿದಳು.

"ದಾರಿ ಉದ್ದಕ್ಕೂ ತಲೆ ಮುಂದಕ್ಕೇ ಇರಲಿ. ಎತ್ತಬೇಡಿ."

"ಇದನ್ನ ಎತ್ತೋಕೆ ನನ್ನ ಹಳೇ ಕ್ರೇನೇ ಬರಬೇಕು. ನೀನು ಎಳಿ."

ಇಳಿತಕ್ಕೆ ನೇರ ಎದುರು ಹೋಗುವುದು ಹುಚ್ಚು ಎಂದು ಅವಳಿಗೆ ಗೊತ್ತಿತ್ತು. ಹರಿವಿಗೆ ಓರೆಯಾಗಿ, ಕಲ್ಲಿನ ಒಡ್ಡಿನ ಮರೆಯ ಕಡೆಗೆ ಹುಟ್ಟು ಹಾಕಿದಳು. ಮೊದಲು ಅವರು ಎಲ್ಲಿಗೂ ಹೋಗುತ್ತಿರುವಂತೆ ಕಾಣಲಿಲ್ಲ. ಹಿಂದೆ ಬಿಳಿ ನೀರು ಒಡೆಯುತ್ತಿತ್ತು, ತುಂತುರು ಬೆನ್ನಿಗೆ ತಾಗುತ್ತಿತ್ತು, ಭುಜಗಳು ಉರಿಯುತ್ತಿದ್ದವು. ಹಗ್ಗ ಬಿಗಿಯಾಗಿ, ಸಡಿಲವಾಗಿ, ಮತ್ತೆ ಬಿಗಿಯಾಯಿತು. ಒಡ್ಡಿನ ತುದಿಯ ಕರಿಯ ಕಲ್ಲೊಂದನ್ನು ಗುರಿಯಾಗಿಟ್ಟುಕೊಂಡಳು. ಆ ಕಲ್ಲು ಬಹಳ ಹೊತ್ತು ಇದ್ದಲ್ಲಿಯೇ ಇದ್ದು, ಆಮೇಲೆ ಕೂದಲಷ್ಟು ಹತ್ತಿರ ಬಂತು.

ಅವಳು ಎಳೆದಷ್ಟೂ ನೀರು ಮೀನಿನ ಬಾಯೊಳಗೆ ನುಗ್ಗುತ್ತಿತ್ತು. ಒಬ್ಬನ ಎರಡು ಕೈಗಳಿಗೆ ಸಾಧ್ಯವಾಗದಿದ್ದದ್ದನ್ನು ಈಗ ಆ ಹಗ್ಗ ಮಾಡುತ್ತಿತ್ತು.

"ಬಾಲ ಆಡಿಸ್ತಿದೆ," ಎಂದರು ಮಾವ ಹಿಂದಿನಿಂದ. ಸ್ವಲ್ಪ ಹೊತ್ತಿನ ಮೇಲೆ, "ಬೆರಳು ಕಚ್ಚಿತು," ಎಂದರು, ಯಾರೋ ಬಿರುದು ಕೊಟ್ಟ ಹಾಗೆ.

ಒಡ್ಡಿನ ಮರೆಗೆ ಬಂದೊಡನೆ ಸೆಳೆತ ಬಾಗಿಲು ಮುಚ್ಚಿದಂತೆ ನಿಂತುಹೋಯಿತು. ಅಲ್ಲಿ ನೀರು ಎಣ್ಣೆಯಂತೆ ನುಣುಪಾಗಿತ್ತು. ಸೊಸೆ ಹುಟ್ಟನ್ನು ತೊಡೆಯ ಮೇಲಿಟ್ಟು ಹಿಂದಿರುಗಿ ನೋಡಿದಳು. ಮಾವ ಅಂಗೈಯನ್ನು ನೀರಿನೊಳಗೆ ಬಿಚ್ಚಿ ಹಿಡಿದಿದ್ದರು. ಮೀನು ಇನ್ನೂ ಅದರ ಮೇಲೆಯೇ ಇತ್ತು, ಹೋಗಲು ಯಾವ ತಡೆಯೂ ಇಲ್ಲದೆ ಇತ್ತು. ಆಮೇಲೆ ಅದು ಆತುರವಿಲ್ಲದೆ ಕೆಳಗಿಳಿಯಿತು. ಕಂಚು ಹಸಿರಾಯಿತು. ಹಸಿರು ಕಪ್ಪಾಯಿತು.

ಸೊಸೆ ಕೊರಳಿನ ಸೀಟಿಯನ್ನು ಜಾಕೆಟ್ಟಿನೊಳಗೆ ತೂರಿಸಿದಳು.

"ಸೀಟಿ ಊದಿಬಿಟ್ಟೆ ಮಾವ."

"ಕೇಳಿಸ್ತು. ಕಿವಿ ಚೆನ್ನಾಗಿದೆ ನನಗೆ."

"ಇನ್ನು ಮುಂದಿನ ಹಂಗಾಮಿಗೇ. ಅಲ್ಲಿವರೆಗೂ ನೀವು ನೀರಿಗೆ ಇಳಿದರೆ ಜೊತೆಗೆ ನಾನು ಇರಲೇಬೇಕು."

"ಇರು, ಯಾರು ಬೇಡ ಅಂದರು?" ಮಾವ ಒದ್ದೆ ಕೈಯನ್ನು ಜಾಕೆಟ್ಟಿಗೆ ಒರೆಸಿಕೊಂಡರು. "ಎಷ್ಟು ದೂರದಲ್ಲಿ ಇರಬೇಕು ಅಂತ ನಿಯಮದಲ್ಲಿ ಇದೆಯಾ?"

"ಕೂಗಿದರೆ ಕೇಳಿಸಬೇಕು."

"ಹಾಗಾದರೆ ಸೇತುವೆ ಹತ್ತಿರ ಇರು. ಬಂದರಿನಲ್ಲಿ ಕೂಗಿದ ಗಂಟಲು ನಂದು, ಅಲ್ಲಿಗೆ ಕೇಳುತ್ತೆ."

"ಕೂಗೋಳು ನಾನು. ಕೇಳಿಸಬೇಕಾದ್ದು ನಿಮಗೆ."

"ಕಿವಿ ಚೆನ್ನಾಗಿದೆ ಅಂತ ಈಗ ತಾನೇ ಹೇಳಿಕೊಂಡು ಸಿಕ್ಕಿಬಿದ್ದೆ," ಎಂದು ಮಾವ ಗೊಣಗಿದರು. "ಸರಿ, ಆ ಹಳದಿ ದೋಣಿ ಇದೆಯಲ್ಲ, ಅಷ್ಟು ದೂರ. ಮಾತಾಡಿಸಬಾರದು."

"ಅದರಲ್ಲಿ ಅರ್ಧ. ಮಾತಾಡಿಸೋದಿಲ್ಲ."

ಅವರು ಇನ್ನೂ ಚೌಕಾಸಿ ಮಾಡುವವರಿದ್ದರು. ಅಷ್ಟರಲ್ಲಿ ಸೊಸೆ ಕೈಯೆತ್ತಿ ತಡೆದಳು. ಕಿವಿಗಿಂತ ಮೊದಲು ಅವಳ ತೊಡೆಗೆ ಅದು ಗೊತ್ತಾಗಿತ್ತು. ಕಯಾಕಿನ ತೆಳುವಾದ ಪ್ಲಾಸ್ಟಿಕ್ ತಳದ ಮೂಲಕ ಏನೋ ಬಡಿಯುತ್ತಿತ್ತು. ಧಂ, ಧಂ, ಧಂ. ತಗ್ಗಿನ, ತುಂಬಿದ ಸದ್ದು, ಗೋಡೆಯಾಚೆ ಯಾರೋ ಅಂಗೈಯಿಂದ ಡೋಲು ಬಾರಿಸಿದಂತೆ. ಮಾವ ಅಂಗೈಯನ್ನು ಕಯಾಕಿನ ಮೈಗೆ ಒತ್ತಿಟ್ಟರು.

"ಅದೇನಾ?"

"ಅದೇ."

ಸದ್ದು ನಿಂತಿತು. ಒಡ್ಡಿನ ಕಲ್ಲುಗಳ ಬುಡದಿಂದ ಇನ್ನೊಂದು ಉತ್ತರ ಕೊಟ್ಟಿತು. ಅದಕ್ಕೆ ನಡು ಹೊಳೆಯಿಂದ ಮತ್ತೊಂದು. ಆಮೇಲೆ ಎಣಿಸಲು ಬಿಡುವೇ ಸಿಗಲಿಲ್ಲ. ಮೇಲಿನಿಂದ, ಕೆಳಗಿನಿಂದ, ಸೇತುವೆಯ ಕಡೆಯಿಂದ, ಅಳಿವೆಯ ಅಗಲಕ್ಕೂ ನೀರಿನಡಿ ಡೋಲುಗಳು ಎದ್ದವು. ಕಯಾಕಿನ ತಳ, ಹುಟ್ಟಿನ ಹಿಡಿ, ಮೂಳೆ, ಹಲ್ಲು ಎಲ್ಲವೂ ಅದನ್ನು ನುಡಿಯತೊಡಗಿದವು. ದಂಡೆಯ ಮೇಲೆ ಒಬ್ಬಾತ ಸೈಕಲ್ಲು ತುಳಿದುಕೊಂಡು ತನ್ನ ಪಾಡಿಗೆ ಹೋಗುತ್ತಿದ್ದ.

"ಎಷ್ಟಿವೆ?" ಮಾವ ಪಿಸುಗುಟ್ಟಿದರು.

ಈ ನೀರಿನ ಮೇಲೆ ಇಷ್ಟು ದಿನ ಕಲಿಸಿದ ಸೊಸೆ ಗೊತ್ತಿಲ್ಲವೆಂದು ತಲೆಯಾಡಿಸಿದಳು. ಅವಳ ಕಣ್ಣು ತುಂಬಿ ಬಂದಿತ್ತು.

ಮಾವ ಮುಂದಕ್ಕೆ ಬಾಗಿ, ಮೂತಿಯ ಬಳೆಯಿಂದ ಹಗ್ಗವನ್ನು ಬಿಡಿಸಿದರು. ಹುಟ್ಟನ್ನು ಸದ್ದಾಗದಂತೆ ಅದ್ದಿ, ಒಂದೇ ಸಲ ತಳ್ಳಿದರು. ಕಯಾಕು ನುಣ್ಣನೆಯ ನೀರಿನ ಮೇಲೆ ಜಾರಿ, ಒಪ್ಪಿದ ದೂರಕ್ಕಿಂತ ತುಸು ಆಚೆಗೇ ಹೋಗಿ ನಿಂತಿತು. ಸೊಸೆ ಕರೆಯಲಿಲ್ಲ. ಅವರು ಬೆನ್ನು ನೆಟ್ಟಗೆ ಮಾಡಿ, ಎರಡೂ ಕಾಲನ್ನು ನೀರಿಗಿಳಿಬಿಟ್ಟು, ತಲೆ ತಗ್ಗಿಸಿ ಕುಳಿತು ಕೇಳುತ್ತಿದ್ದರು.